ಉಸಿರು ಜಗ್ರಿ, ಹಿಡೀರಿ, ಬಿಡ್ರಿ

(ಶಾಂತಿನಗರದ ದತ್ತಿ ಉಪನ್ಯಾಸದ ಪಠ್ಯ)

ಗದ್ವಾಲವಾಗಲಿ, ಮಕ್ತಲ್ ಆಗಲಿ, ರಾಯಚೂರಾಗಲಿ, ಎದೆಯ ಎಕ್ಸ್‌ರೇ ತೆಗೆಯುವ ಕೋಣೆಯಲ್ಲಿ ಕೇಳಿಬರುವ ಮಾತು ಒಂದೇ: “ಉಸಿರು ಜಗ್ರಿ… ಹಿಡೀರಿ… ಬಿಡ್ರಿ.” ತೆಲುಗಿನವರು ಬಂದರೆ “ಊಪಿರಿ ಪೀಲ್ಚಂಡಿ, ಬಿಗಬಟ್ಟಂಡಿ, ವದಲಂಡಿ.” ಉರ್ದು ಮಾತಿನ ಅಜ್ಜನಿಗೆ “ಸಾಂಸ್ ರೋಕೋ.” ಈ ಮಾತು ಮುಗಿಯುವಷ್ಟರಲ್ಲಿ ಯಂತ್ರದ ಕೆಲಸ ಮುಗಿದಿರುತ್ತದೆ. ಚಿತ್ರಕ್ಕೆ ಬೇಕಾದದ್ದು ಸೆಕೆಂಡಿನ ಸಣ್ಣ ಚೂರು. ಅಷ್ಟು ಹೊತ್ತು ಯಾರಾದರೂ ಉಸಿರು ಹಿಡಿದಾರು.

ಅದೇ ಎದೆಯೊಳಗಿನ ಕ್ಯಾನ್ಸರ್ ಗಡ್ಡೆಗೆ ವಿಕಿರಣ ಕೊಡುವಾಗ ಲೆಕ್ಕ ಬೇರೆ. ರೋಗಿ ಮೇಜಿನ ಮೇಲೆ ಹತ್ತು ನಿಮಿಷವಾದರೂ ಮಲಗಬೇಕು. ಒಂದು ಉಸಿರಿಗೆ ನಾಲ್ಕು ಸೆಕೆಂಡ್ ಎಂದು ಹಿಡಿದರೂ ಅಷ್ಟರಲ್ಲಿ ಎದೆ 150 ಸಲ ಏರಿ ಇಳಿದಿರುತ್ತದೆ, ಅದರೊಂದಿಗೆ ಗಡ್ಡೆಯೂ. ಕೈಕಾಲು ಕಟ್ಟಿ ಮಲಗಿಸಬಹುದು, ತಲೆ ಅಲುಗದಂತೆ ಮುಖಕ್ಕೆ ಅಚ್ಚು ಹಾಕಬಹುದು. ಉಸಿರನ್ನು ಮಾತ್ರ ಕಟ್ಟಿಹಾಕಲು ಬರುವುದಿಲ್ಲ.

ಈ ಸೀಮೆಯಲ್ಲಿ ವಿಕಿರಣ ಚಿಕಿತ್ಸೆಗೆ ಜನ ಇಟ್ಟ ಹೆಸರು ‘ಕರೆಂಟು’. “ಅಪ್ಪಗ ಕರೆಂಟ್ ಕೊಡ್ಲಿಕತ್ತಾರ” ಎಂದರೆ ಎದುರಿನವರಿಗೆ ಎಲ್ಲವೂ ತಿಳಿಯುತ್ತದೆ. ಹೆಸರು ಒಂದಿಷ್ಟು ಹೆದರಿಸುತ್ತದೆ, ನಿಜ; ಶಾಕ್ ಹೊಡೆಯುತ್ತದೇನೋ ಎಂದು ಮೊದಲ ದಿನ ಮೈ ಬಿಗಿಹಿಡಿದು ಮಲಗುವವರಿದ್ದಾರೆ. ಲೀನಿಯರ್ ಆಕ್ಸಿಲರೇಟರ್ ಎಂಬ ಯಂತ್ರದಿಂದ ಹೊರಡುವುದು ಎಕ್ಸ್‌ರೇಯದೇ ಜಾತಿಯ, ಆದರೆ ಬಹಳ ಹೆಚ್ಚು ಶಕ್ತಿಯ ಕಿರಣ. ಕೊಡುವಾಗ ನೋವಿಲ್ಲ, ಬಿಸಿಯಿಲ್ಲ. ಹಾಗೆ ಏನೂ ಗೊತ್ತಾಗದಿರುವುದೇ ಒಂದು ತೊಂದರೆ. ಕಿರಣ ಗಡ್ಡೆಗೆ ಬಿತ್ತೋ, ಗಡ್ಡೆ ಸರಿದ ಮೇಲೆ ಪಕ್ಕದ ಒಳ್ಳೆಯ ಶ್ವಾಸಕೋಶಕ್ಕೆ ಬಿತ್ತೋ ಎಂದು ಮಲಗಿದವರು ಹೇಳಲಾರರು.

ಗಡ್ಡೆ ಎಷ್ಟು ಸರಿಯುತ್ತದೆ? ಎದೆಗೂ ಹೊಟ್ಟೆಗೂ ನಡುವೆ ಕಮಾನಿನಂತೆ ಹರಡಿರುವ ಸ್ನಾಯುವಿನ ಪದರ ವಪೆ. ಉಸಿರು ಎಳೆದಾಗ ಅದು ಕೆಳಗಿಳಿಯುತ್ತದೆ, ಬಿಟ್ಟಾಗ ಮೇಲೇರುತ್ತದೆ. ಅದಕ್ಕೆ ಹತ್ತಿರವಿದ್ದಷ್ಟೂ ಓಡಾಟ ಹೆಚ್ಚು. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದಲ್ಲಿ 20 ರೋಗಿಗಳ ಗಡ್ಡೆಯ ಒಳಗೋ ಪಕ್ಕದಲ್ಲೋ 2 ಮಿ.ಮೀ. ಗಾತ್ರದ ಬಂಗಾರದ ಗುಂಡು ಇಟ್ಟು, ಸೆಕೆಂಡಿಗೆ 30 ಸಲ ಎಕ್ಸ್‌ರೇಯಲ್ಲಿ ಅದರ ಜಾಡು ಹಿಡಿದರು. 2002ರಲ್ಲಿ ಪ್ರಕಟವಾದ ಆ ಅಳತೆಯ ಪ್ರಕಾರ, ಶ್ವಾಸಕೋಶದ ಕೆಳಹಾಲೆಯಲ್ಲಿ, ಅಂದರೆ ಕೆಳಗಿನ ಭಾಗದಲ್ಲಿ, ಇದ್ದು ಗಟ್ಟಿಯಾದ ಯಾವುದಕ್ಕೂ ಅಂಟಿಕೊಳ್ಳದ ಗಡ್ಡೆ ಮೇಲೆ ಕೆಳಗೆ ಸರಾಸರಿ 12 ಮಿ.ಮೀ. ಸರಿಯುತ್ತದೆ. ಮೇಲ್ಹಾಲೆಯದು, ಅಥವಾ ಎದೆಗೂಡಿನಂಥದಕ್ಕೆ ಅಂಟಿದ್ದು, ಬರೀ 2 ಮಿ.ಮೀ. ಇನ್ನೊಂದು ಸೋಜಿಗವೂ ಕಂಡಿತು. ಸುಮಾರು ಅರ್ಧದಷ್ಟು ಗಡ್ಡೆಗಳು ಇಳಿದ ದಾರಿಯಲ್ಲೇ ಹತ್ತುತ್ತಿರಲಿಲ್ಲ. ಹೋಗುವ ದಾರಿಗೂ ಬರುವ ದಾರಿಗೂ ಒಂದರಿಂದ ಐದು ಮಿ.ಮೀ. ಅಂತರ. ಹೃದಯದ ಪಕ್ಕದಲ್ಲಿರುವ ಗಡ್ಡೆಗಳು ಇದರ ಮೇಲೆ ಅದರ ಬಡಿತಕ್ಕೂ ಅದುರುತ್ತಿದ್ದವು.

ಹನ್ನೆರಡು ಮಿ.ಮೀ. ಎಂದರೆ ಕಿರುಬೆರಳ ಉಗುರಿನ ಅಗಲದ ಆಸುಪಾಸು. ಅಷ್ಟಕ್ಕೆ ಇಷ್ಟು ರಗಳೆ ಏಕೆ? ಗಡ್ಡೆ ಓಡಾಡುವ ಜಾಗಕ್ಕೆಲ್ಲ ಕಿರಣ ಬೀಳುವ ಹಾಗೆ ಸುತ್ತ ಒಂದಿಷ್ಟು ಅಂಚು ಬಿಟ್ಟರೆ ಆಯಿತಲ್ಲ? ದಶಕಗಳ ಕಾಲ ವೈದ್ಯರು ಮಾಡಿದ್ದೂ ಅದನ್ನೇ. ಲೆಕ್ಕ ಹಾಕಿದರೆ ಆ ಅಂಚಿನ ಬೆಲೆ ಗೊತ್ತಾಗುತ್ತದೆ. 3 ಸೆಂ.ಮೀ. ಅಡ್ಡಳತೆಯ ಉಂಡೆಯಂಥ ಗಡ್ಡೆಯ ಗಾತ್ರ ಸುಮಾರು 14 ಘನ ಸೆಂ.ಮೀ. ಸುತ್ತಲೂ ಒಂದು ಸೆಂ.ಮೀ. ಅಂಚು ಸೇರಿಸಿದರೆ ಅಡ್ಡಳತೆ 5 ಸೆಂ.ಮೀ., ಗಾತ್ರ 65 ಘನ ಸೆಂ.ಮೀ. ಅಂದರೆ ಕಿರಣ ಬಿದ್ದ ಜಾಗದಲ್ಲಿ ಐದರಲ್ಲಿ ಒಂದು ಪಾಲು ರೋಗ, ನಾಲ್ಕು ಪಾಲು ಒಳ್ಳೆಯ ಅಂಗ. ಅಂಚನ್ನು ಅರ್ಧ ಸೆಂ.ಮೀ.ಗೆ ಇಳಿಸಿದರೆ ಗಾತ್ರ 34ಕ್ಕೆ ಬರುತ್ತದೆ, ಹೆಚ್ಚುಕಡಿಮೆ ಅರ್ಧ. ಉಸಿರಾಟದ ಹಿಂದೆ ಬಿದ್ದ ಮೂವತ್ತು ವರ್ಷಗಳ ಸಂಶೋಧನೆಯೆಲ್ಲ ಈ ಅರ್ಧ ಸೆಂಟಿಮೀಟರಿಗಾಗಿ ನಡೆದ ಜಗಳವೆಂದರೂ ನಡೆಯುತ್ತದೆ.

ಬೀಡಿ ಸೇದಿ ಸೇದಿ, ಇಲ್ಲವೇ ಒಲೆಯ ಹೊಗೆ ಕುಡಿದು ಮೊದಲೇ ಸೊರಗಿದ ಶ್ವಾಸಕೋಶದಲ್ಲಿ ಆ ನಾಲ್ಕು ಪಾಲು ದುಬಾರಿ. ಹೆಚ್ಚು ಜಾಗಕ್ಕೆ ವಿಕಿರಣ ಬಿದ್ದರೆ ಕೆಲವು ವಾರ, ಕೆಲವು ತಿಂಗಳ ನಂತರ ಒಣಕೆಮ್ಮು, ಜ್ವರ, ಏದುಸಿರು ಶುರುವಾಗಬಹುದು. ವೈದ್ಯರು ಇದನ್ನು ವಿಕಿರಣದ ನ್ಯುಮೋನೈಟಿಸ್ ಎನ್ನುತ್ತಾರೆ. ಅದಕ್ಕಾಗಿಯೇ ಎರಡೂ ಶ್ವಾಸಕೋಶ ಸೇರಿ 20 ಗ್ರೇಗಿಂತ (ಗ್ರೇ ಎಂದರೆ ವಿಕಿರಣದ ಪ್ರಮಾಣ ಅಳೆಯುವ ಮಾನ) ಹೆಚ್ಚು ವಿಕಿರಣ ಪಡೆಯುವ ಭಾಗ ಸುಮಾರು ಮೂರನೆಯ ಒಂದು ಪಾಲನ್ನು ಮೀರದಂತೆ ನೋಡಿಕೊಳ್ಳುತ್ತಾರೆ. ಬೆನ್ನುಹುರಿ, ಅನ್ನನಾಳ, ಹೃದಯ ಒಂದೊಂದಕ್ಕೂ ಅದರದೇ ಮಿತಿಯಿದೆ.

ಇನ್ನು ಊರಿನ ಮಾತು. ಶಾಂತಿನಗರ ಇರುವುದು ಕೃಷ್ಣಾ ತುಂಗಭದ್ರೆಯರ ನಡುವಿನ ನಡಿಗಡ್ಡೆಯಲ್ಲಿ. ಹೈದರಾಬಾದಿನ ಮೆಹದಿ ನವಾಜ್ ಜಂಗ್ ಕ್ಯಾನ್ಸರ್ ಆಸ್ಪತ್ರೆ 1955ರಲ್ಲಿ ಆರಂಭವಾದಾಗ ಗದ್ವಾಲ, ಆಲಂಪುರ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. ಮರುವರ್ಷ ರಾಜ್ಯಗಳ ಗಡಿ ಎಳೆದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಈ ಎರಡು ತಾಲ್ಲೂಕು ಮಹಬೂಬನಗರ ಜಿಲ್ಲೆಗೆ ಬಂದವು. ಮಕ್ತಲ್, ನಾರಾಯಣಪೇಟೆ ಮೊದಲಿಂದಲೂ ಅಲ್ಲೇ ಇದ್ದವು. ಗಡಿ ಸರಿದರೂ ಮನೆಮಾತು ಸರಿಯಲಿಲ್ಲ. ಕ್ಯಾನ್ಸರ್ ಎಂದ ಕೂಡಲೇ ಇಲ್ಲಿಯವರು ಹತ್ತುವ ಬಸ್ಸು ಹೆಚ್ಚಾಗಿ ಸುಮಾರು 200 ಕಿ.ಮೀ. ದೂರದ ಹೈದರಾಬಾದಿನದು, ಕರ್ನಾಟಕದಲ್ಲಿ ನೆಂಟರಿರುವ ಕೆಲವರು 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ. ಬಡವರ ಚಿಕಿತ್ಸೆಯ ಖರ್ಚು ಭರಿಸುವ ಸರ್ಕಾರದ ಆರೋಗ್ಯಶ್ರೀ ಯೋಜನೆ 2007ರ ಏಪ್ರಿಲ್‌ನಲ್ಲಿ ಮೊದಲು ಬಂದ ಮೂರು ಜಿಲ್ಲೆಗಳಲ್ಲಿ ಆಗಿನ ಮಹಬೂಬನಗರವೂ ಒಂದು. 2023ರ ಡಿಸೆಂಬರಿನಲ್ಲಿ ತೆಲಂಗಾಣ ಅದರ ಮಿತಿಯನ್ನು ಹತ್ತು ಲಕ್ಷ ರೂಪಾಯಿಗೆ ಏರಿಸಿತು. ಇಷ್ಟಾದರೂ ಯಾವ ಕಾರ್ಡೂ ತುಂಬಿಕೊಡದ ಖರ್ಚೊಂದು ಉಳಿಯುತ್ತದೆ. ಶ್ವಾಸಕೋಶದ ಕ್ಯಾನ್ಸರಿಗೆ ರೂಢಿಯ ಲೆಕ್ಕ 60 ಗ್ರೇ. ದಿನಕ್ಕೆ 2 ಗ್ರೇಯಂತೆ 30 ಸಲ, ವಾರಕ್ಕೆ ಐದು ದಿನ, ಒಟ್ಟು ಆರು ವಾರ. ಬೀಜದ ಹತ್ತಿಗೆ ಹೆಸರಾದ ಸೀಮೆ ಇದು. ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ದಿನಗಳಲ್ಲಿ ಮನೆಯ ಇಬ್ಬರು ಆರು ವಾರ ಹೈದರಾಬಾದಿನಲ್ಲಿ ಕೂತರೆ ಆ ವರ್ಷದ ಹೊಲದ ಕತೆ ಮುಗಿದಂತೆ.

ಆರು ವಾರವನ್ನು ಒಂದೆರಡು ವಾರಕ್ಕೆ ಇಳಿಸುವ ದಾರಿ ಇದೆ. ಸ್ವೀಡನ್ನಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಇಂಗ್ಮಾರ್ ಲಾಕ್ಸ್ ಮತ್ತು ಹೆನ್ರಿಕ್ ಬ್ಲಾಮ್‌ಗ್ರೆನ್ 1990ರ ದಶಕದ ಆರಂಭದಲ್ಲಿ ಈ ದಾರಿ ತೆರೆದರು. ಮೆದುಳಿನ ಗಡ್ಡೆಗೆ ತಲೆಗೆ ಚೌಕಟ್ಟು ಬಿಗಿದು ಹೆಚ್ಚು ಪ್ರಮಾಣದ ವಿಕಿರಣವನ್ನು ಗುರಿಯಿಟ್ಟು ಕೊಡುತ್ತಿದ್ದ ಪದ್ಧತಿಯನ್ನು ಅವರು ಮೈಗೂ ತಂದರು. ರೋಗಿಯನ್ನು ಚೌಕಟ್ಟಿನಲ್ಲಿ ಮಲಗಿಸಿ, ಪಕ್ಕೆಲುಬಿನ ಕೆಳಗೆ ಹೊಟ್ಟೆಯನ್ನು ಒಂದು ಹಲಗೆಯಿಂದ ಒತ್ತಿ ಹಿಡಿದರು. ವಪೆ ಹೆಚ್ಚು ಇಳಿಯಲಾರದು, ಉಸಿರು ಮೇಲುಮೇಲೆ ಆಡುತ್ತದೆ, ಗಡ್ಡೆಯ ಓಡಾಟ ಕುಗ್ಗುತ್ತದೆ. ಉಪಾಯ ಸರಳ, ಖರ್ಚು ಕಡಿಮೆ. ಆದರೆ ಹಿತವಲ್ಲ. ಹೊಟ್ಟೆ ದೊಡ್ಡದಿದ್ದವರಿಗೆ, ಮೊದಲೇ ದಮ್ಮು ಇರುವವರಿಗೆ ಹಲಗೆಯ ಒತ್ತು ತಡೆಯುವುದು ಕಷ್ಟ.

ಗುರಿ ಇಷ್ಟು ಖಚಿತವಾದ ಮೇಲೆ ಒಂದೊಂದು ಸಲಕ್ಕೆ ಕೊಡುವ ಪ್ರಮಾಣ ಏರಿಸಬಹುದು. ಅಮೆರಿಕದಲ್ಲಿ ರಾಬರ್ಟ್ ಟಿಮ್ಮರ್‌ಮನ್ ಮುಂದಾಳುತನದಲ್ಲಿ ಶಸ್ತ್ರಚಿಕಿತ್ಸೆ ತಾಳಲಾರದ 55 ರೋಗಿಗಳಿಗೆ 54 ಗ್ರೇಯನ್ನು ಬರೀ ಮೂರು ಸಲದಲ್ಲಿ ಕೊಟ್ಟ ಪ್ರಯೋಗದ ಫಲ 2010ರಲ್ಲಿ ಪ್ರಕಟವಾಯಿತು. ಮೂರು ವರ್ಷದ ಹೊತ್ತಿಗೆ ಮೂಲ ಗಡ್ಡೆ ಹತೋಟಿಯಲ್ಲಿದ್ದವರು ಶೇ. 97ಕ್ಕಿಂತ ಹೆಚ್ಚು. ಬದುಕಿದ್ದವರು ಮಾತ್ರ ಶೇ. 56ರ ಸುತ್ತ. ಶ್ವಾಸಕೋಶ, ಹೃದಯ ಮೊದಲೇ ಸೋತವರನ್ನೇ ಆ ಪ್ರಯೋಗಕ್ಕೆ ಸೇರಿಸಿದ್ದರು. ಕೆಲವರಿಗೆ ರೋಗ ಬೇರೆಡೆ ಕಾಣಿಸಿಕೊಂಡಿತು. ಮೊದಲ ಅಂಕಿಯನ್ನು ಮಾತ್ರ ದೊಡ್ಡಕ್ಷರದಲ್ಲಿ ಬರೆದು ಎರಡನೆಯದನ್ನು ಬಿಟ್ಟ ಜಾಹೀರಾತು ಕಂಡರೆ ಅನುಮಾನಪಡಬೇಕು. ಈ ಚಿಕಿತ್ಸೆ ಚಿಕ್ಕ ಗಡ್ಡೆಗೆ, ದುಗ್ಧಗ್ರಂಥಿಗಳಿಗೆ ಹರಡದ ರೋಗಕ್ಕೆ. ನಮ್ಮ ದೇಶದಲ್ಲಿ ಬಹುಪಾಲು ರೋಗಿಗಳು ಆಸ್ಪತ್ರೆ ಮುಟ್ಟುವುದೇ ಆ ಹಂತ ದಾಟಿದ ಮೇಲೆ, ಹಲವರು ಟಿ.ಬಿ. ಎಂದೇ ತಿಳಿದು ಕೆಲವು ತಿಂಗಳು ಅದರ ಮಾತ್ರೆ ನುಂಗಿದ ಮೇಲೆ. ಅಂಥವರಿಗೆ ಆರು ವಾರದ ದಾರಿಯೇ ಗತಿ. ಗಡ್ಡೆ ದೊಡ್ಡದಾದಷ್ಟೂ ಅಂಚಿನಲ್ಲಿ ಬಲಿಯಾಗುವ ಶ್ವಾಸಕೋಶವೂ ಹೆಚ್ಚುವುದರಿಂದ, ಅಲ್ಲೂ ಉಸಿರಿನ ಲೆಕ್ಕ ಬಿಡುವಂತಿಲ್ಲ.

ಹೊಟ್ಟೆ ಒತ್ತುವುದು ಒಂದು ದಾರಿಯಾದರೆ ಗೇಟಿಂಗ್ ಇನ್ನೊಂದು. ರಾಜೋಳಿ, ಗದ್ವಾಲಗಳಲ್ಲಿ ಮಗ್ಗದ ಮುಂದೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲಿನಿಂದ ತುಳಿದಾಗ ಹಾಸಿನ ಎಳೆಗಳು ಎರಡಾಗಿ ಬಾಯಿ ತೆರೆಯುತ್ತವೆ. ಆ ಬಾಯಿ ತೆರೆದಿರುವಾಗಲೇ ಲಾಳಿ ಹಾಯಬೇಕು. ತಡವಾದರೆ ಎಳೆ ಹರಿಯುತ್ತದೆ. ಗೇಟಿಂಗಿನಲ್ಲೂ ಹಾಗೆ. ರೋಗಿಯ ಹೊಟ್ಟೆಯ ಮೇಲೆ ಬೆಳಕು ಪ್ರತಿಫಲಿಸುವ ಚುಕ್ಕೆಗಳಿರುವ ಪುಟ್ಟ ಪೆಟ್ಟಿಗೆ ಇಡುತ್ತಾರೆ. ಅವಕೆಂಪು ಕ್ಯಾಮೆರಾ ಅದರ ಏರಿಳಿತ ನೋಡಿ ಪರದೆಯ ಮೇಲೆ ಅಲೆ ಬರೆಯುತ್ತದೆ. ಅಲೆ ಗೊತ್ತಾದ ಕಿಟಕಿಯೊಳಗೆ ಬಂದಾಗ ಕಿರಣ ಹೊರಡುತ್ತದೆ, ದಾಟಿದ ಕೂಡಲೇ ನಿಲ್ಲುತ್ತದೆ. ಸಾಮಾನ್ಯವಾಗಿ ಉಸಿರು ಪೂರ್ತಿ ಬಿಟ್ಟ ಗಳಿಗೆಯನ್ನು ಆರಿಸುತ್ತಾರೆ, ಏಕೆಂದರೆ ಗಡ್ಡೆ ಅಲ್ಲಿ ತುಸು ಹೆಚ್ಚು ಹೊತ್ತು ತಂಗುತ್ತದೆ, ಪ್ರತಿಸಲ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬರುತ್ತದೆ. ಜಪಾನಿನ ತ್ಸುಕುಬಾದ ವೈದ್ಯರು 1989ರಲ್ಲೇ ಇದನ್ನು ಬರೆದಿದ್ದರು.

ಗೇಟಿಂಗಿನ ದೋಷ ಎರಡು. ಒಂದು ಉಸಿರಿನಲ್ಲಿ ಮೂರನೆಯ ಒಂದು ಪಾಲಿನಿಂದ ಅರ್ಧದಷ್ಟು ಹೊತ್ತು ಮಾತ್ರ ಕಿರಣ ಓಡುವುದರಿಂದ ಚಿಕಿತ್ಸೆ ಎರಡು ಮೂರು ಪಟ್ಟು ಲಂಬಿಸುತ್ತದೆ. ಎರಡನೆಯದು ಹೆಚ್ಚು ಗಂಭೀರ. ಕ್ಯಾಮೆರಾ ನೋಡುತ್ತಿರುವುದು ಹೊಟ್ಟೆಯನ್ನು, ಗಡ್ಡೆಯನ್ನಲ್ಲ. ಹೊಟ್ಟೆ ಹೇಳಿದಂತೆ ಗಡ್ಡೆ ಕೇಳಲೇಬೇಕೆಂದೇನಿಲ್ಲ. ಮೊದಲ ದಿನ ಹೆದರಿ ಮೇಲುಸಿರು ಬಿಡುತ್ತಿದ್ದ ರೋಗಿ ಮೂರನೆಯ ದಿನ ಪಳಗಿ ಆಳವಾಗಿ ಉಸಿರಾಡುತ್ತಾನೆ. ಅಲೆ ಅದೇ ರೀತಿ ಕಂಡರೂ ಗಡ್ಡೆಯ ನೆಲೆ ಕೆಳಗೆ ಸರಿದಿರಬಹುದು. ಆದ್ದರಿಂದ ಪ್ರತಿದಿನ ಯಂತ್ರಕ್ಕೇ ಜೋಡಿಸಿದ ಸ್ಕ್ಯಾನಿನಿಂದ ಗಡ್ಡೆಯನ್ನೇ ನೋಡಿ ಮೇಜನ್ನು ಹೊಂದಿಸಿಕೊಳ್ಳದೆ ಕಿರಣ ಬಿಡಬಾರದು.

ಮೂರನೆಯ ದಾರಿ ಎಕ್ಸ್‌ರೇ ಕೋಣೆಯ ಅದೇ ಹಳೆಯ ಮಾತು: ಹಿಡೀರಿ. ಆಳವಾಗಿ ಎಳೆದು 15ರಿಂದ 20 ಸೆಕೆಂಡ್ ಹಿಡಿಯುವುದು, ಅಷ್ಟರಲ್ಲಿ ಒಂದಿಷ್ಟು ಕಿರಣ. ಬಿಟ್ಟು ಸುಧಾರಿಸಿಕೊಂಡು ಮತ್ತೆ ಹಿಡಿಯುವುದು. ಶ್ವಾಸಕೋಶ ಉಬ್ಬಿದಾಗ ಅದರ ಸಾಂದ್ರತೆ ಇಳಿದು, ಕಿರಣದ ದಾರಿಗೆ ಸಿಗುವ ಒಳ್ಳೆಯ ಅಂಗಾಂಶ ಕಡಿಮೆಯಾಗುವುದು ಇಲ್ಲಿಯ ಹೆಚ್ಚುವರಿ ಲಾಭ. ಮಿಷಿಗನ್ನಿನ ವಿಲಿಯಂ ಬೋಮಾಂಟ್ ಆಸ್ಪತ್ರೆಯಲ್ಲಿ ಜಾನ್ ವಾಂಗ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಸಾಧನದಲ್ಲಿ ರೋಗಿ ಬಾಯಲ್ಲಿ ಕೊಳವೆ ಇಟ್ಟುಕೊಂಡು ಉಸಿರಾಡುತ್ತಾನೆ. ಗೊತ್ತಾದ ಪ್ರಮಾಣದ ಗಾಳಿ ಒಳಹೋದ ಕೂಡಲೇ ಕವಾಟ ಮುಚ್ಚಿ ಉಸಿರನ್ನು ಅಲ್ಲೇ ತಡೆಯುತ್ತದೆ. ಜಪಾನಿನ ಯಮನಾಶಿ ವಿಶ್ವವಿದ್ಯಾಲಯದವರು ಇದಕ್ಕೆ ತದ್ವಿರುದ್ಧ ಯೋಚಿಸಿದರು. ತಡೆಯುವ ಕವಾಟ ಬೇಡ, ರೋಗಿಯ ಕೈಗೇ ಸ್ವಿಚ್ ಕೊಡೋಣ. ಉಸಿರು ಹಿಡಿದು ಒತ್ತಿದಾಗ ಕಿರಣ ಹೊರಡಲಿ, ಸಾಕೆನಿಸಿ ಬೆರಳು ತೆಗೆದಾಗ ನಿಲ್ಲಲಿ. 2003ರಲ್ಲಿ ಅವರು ಈ ವ್ಯವಸ್ಥೆಯನ್ನು ವಿವರಿಸಿ ಬರೆದರು. ಕರೆಂಟಿಗೆ ಹೆದರಿದವನ ಕೈಗೇ ಕರೆಂಟಿನ ಗುಂಡಿ! ಈ ಇಡೀ ಶಾಸ್ತ್ರದಲ್ಲಿ ಇಷ್ಟು ಮನುಷ್ಯತ್ವದ ಇನ್ನೊಂದು ಉಪಾಯ ಸಿಗುವುದು ಅಪರೂಪ.

ಎಲ್ಲಕ್ಕಿಂತ ಹೆಸರು ಮಾಡಿದ್ದು ಗಡ್ಡೆಯನ್ನು ಬೆನ್ನಟ್ಟುವ ಯಂತ್ರಗಳು. ಸೈಬರ್‌ನೈಫ್‌ನಲ್ಲಿ ರೋಬೋಟಿನ ತೋಳಿಗೇ ಆಕ್ಸಿಲರೇಟರ್ ಕಟ್ಟಿದೆ. ಎದೆಯ ಮೇಲಿನ ದೀಪದ ಚುಕ್ಕೆಗಳನ್ನು ಕ್ಯಾಮೆರಾ ಸದಾ ನೋಡುತ್ತಿರುತ್ತದೆ, ನಡುನಡುವೆ ಎಕ್ಸ್‌ರೇ ಗಡ್ಡೆಯನ್ನು ನೋಡುತ್ತದೆ; ಎರಡರ ಸಂಬಂಧ ಕಟ್ಟಿಕೊಂಡ ಗಣಕ ತೋಳನ್ನು ಉಸಿರಿನ ಲಯಕ್ಕೆ ತೂಗಿಸುತ್ತದೆ. ರೋಗಿ ಸಹಜವಾಗಿ ಉಸಿರಾಡುತ್ತಿರಬಹುದು. ಆದರೆ ಗಡ್ಡೆ ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣದಿದ್ದರೆ ಸೂಜಿಯಿಂದ ಬಂಗಾರದ ಚೂರು ನೆಡಬೇಕು, ಆಗ ಶ್ವಾಸಕೋಶಕ್ಕೆ ತೂತು ಬಿದ್ದು ಗಾಳಿ ಸೋರುವ ಅಪಾಯವಿದೆ. ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ರೂಪುಗೊಂಡ ಎಂಆರ್‌ಐ ಜೋಡಿಸಿದ ಆಕ್ಸಿಲರೇಟರ್ 2017ರಲ್ಲಿ ರೋಗಿಗಳ ಚಿಕಿತ್ಸೆಗೆ ಇಳಿಯಿತು; ಅದಕ್ಕೆ ಬಂಗಾರದ ಚೂರಿನ ಹಂಗಿಲ್ಲ.

ಹೈದರಾಬಾದಿನ ರಸ್ತೆಬದಿಯ ಫಲಕಗಳಲ್ಲಿ ಇಂಥ ಯಂತ್ರಗಳ ಹೆಸರೇ ಮೆರೆಯುತ್ತದೆ. ಮನೆಯವರೂ ಕೇಳುವುದು ಅದನ್ನೇ: “ಸಾರ್, ಅಲ್ಲಿ ಯಾವ ಮಷೀನ್ ಐತಿ?” ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಈ ಗಡ್ಡೆ ಎಷ್ಟು ಅಲುಗುತ್ತದೆಂದು ಅಳೆದಿದ್ದಾರೆಯೇ? ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘದ 76ನೆಯ ಕಾರ್ಯಪಡೆ 2006ರ ವರದಿಯಲ್ಲಿ ಇಟ್ಟ ಗೆರೆ 5 ಮಿ.ಮೀ. ಓಟ ಅದಕ್ಕಿಂತ ಹೆಚ್ಚಿದ್ದು, ರೋಗಿಯೂ ತಾಳಬಲ್ಲವನಾದರೆ ಈ ಉಪಾಯಗಳಲ್ಲಿ ಒಂದನ್ನು ಹೂಡಬೇಕು. 2 ಮಿ.ಮೀ. ಮಾತ್ರ ಅಲುಗುವ ಮೇಲ್ಹಾಲೆಯ ಗಡ್ಡೆಗೆ ರೋಬೋಟಿನ ತೋಳು ಏಕೆ?

ಅಳೆಯಲು ಈಗಿನ ರೂಢಿ 4ಡಿ ಸಿಟಿ. ರೋಗಿ ತನ್ನ ಪಾಡಿಗೆ ಉಸಿರಾಡುತ್ತಿರುವಾಗಲೇ ಸ್ಕ್ಯಾನ್ ಓಡುತ್ತದೆ, ಬಳಿಕ ಚಿತ್ರಗಳನ್ನು ಉಸಿರಿನ ಹಂತಗಳಾಗಿ, ಹೆಚ್ಚಾಗಿ ಹತ್ತಾಗಿ, ವಿಂಗಡಿಸುತ್ತಾರೆ. ಒಂದರ ಹಿಂದೊಂದು ತಿರುಗಿಸಿದರೆ ಪರದೆಯ ಮೇಲೆ ಗಡ್ಡೆ ತೂಗುವುದು ಕಾಣುತ್ತದೆ. ಅದಿಲ್ಲದ ಕಡೆ ಕೈಕಟ್ಟಿ ಕೂರಬೇಕಾಗಿಲ್ಲ. ಸಹಜ ಉಸಿರಿನಲ್ಲಿ ಒಂದು, ಎಳೆದು ಹಿಡಿದಾಗ ಒಂದು, ಬಿಟ್ಟು ಹಿಡಿದಾಗ ಒಂದು, ಹೀಗೆ ಮೂರು ಸಾಮಾನ್ಯ ಸ್ಕ್ಯಾನ್ ತೆಗೆದರೂ ಗಡ್ಡೆಯ ಓಟದ ಎರಡು ತುದಿ ಸಿಗುತ್ತವೆ. ಹೀಗೆ ಸಿಕ್ಕ ಓಟ ಸಹಜ ಉಸಿರಿನದಕ್ಕಿಂತ ಹೆಚ್ಚೇ ಇರುತ್ತದೆ, ಆದರೂ ಊಹೆಗಿಂತ ಮೇಲು. ಅಳತೆ ಮಾಡಿ ಹಲಗೆ ಒತ್ತಿ ಕೊಟ್ಟ ಚಿಕಿತ್ಸೆ, ಅಳೆಯದೆ ದುಬಾರಿ ಯಂತ್ರದಲ್ಲಿ ಕೊಟ್ಟದ್ದಕ್ಕಿಂತ ಒಳ್ಳೆಯದು. ಹಾಗೆಂದು ಎಲ್ಲ ಯಂತ್ರವೂ ಒಂದೇ ಅಲ್ಲ. ಭಾಭಾ ಪರಮಾಣು ಸಂಶೋಧನಾ ಕೇಂದ್ರ ರೂಪಿಸಿ, ಬೆಂಗಳೂರಿನ ಪ್ಯಾನೇಸಿಯಾ ಕಂಪನಿ ತಯಾರಿಸುವ ಭಾಭಾಟ್ರಾನ್ ಎಂಬ ಕೋಬಾಲ್ಟ್ ಯಂತ್ರ ಸಣ್ಣ ಊರುಗಳ ಆಸ್ಪತ್ರೆಗಳಿಗೆ ದೊಡ್ಡ ಆಸರೆ. ಆದರೆ ಕೋಬಾಲ್ಟ್ ಕಿರಣದ ಅಂಚು ಮಸುಕು. ಮೂರು ಸಲದಲ್ಲಿ 54 ಗ್ರೇ ಕೊಡುವ ಕೆಲಸ ಅದರದಲ್ಲ.

ಉಸಿರು ಹಿಡಿಯುವುದಕ್ಕೆ ತಾಲೀಮು ಬೇಕು. ಸ್ಕ್ಯಾನಿಗೆ ಕೆಲವು ದಿನ ಮೊದಲಿಂದಲೇ ಮನೆಯಲ್ಲಿ ಮಲಗಿ, ಮೊಮ್ಮಗ ಮೊಬೈಲ್ ಹಿಡಿದು ಸೆಕೆಂಡ್ ಎಣಿಸುತ್ತಿದ್ದರೆ ಸಾಕು. ಕೋಣೆಯೊಳಗೆ ರೋಗಿ ಒಬ್ಬರೇ. ಹೊರಗಿನ ತಂತ್ರಜ್ಞರ ದನಿ ಸ್ಪೀಕರಿನಿಂದ ಬರುತ್ತದೆ. ಧ್ವನಿಯ ಸೂಚನೆ ಸಿಕ್ಕರೆ ಉಸಿರು ಹೆಚ್ಚು ಹದವಾಗಿ ನಡೆಯುತ್ತದೆಂದು ಪ್ರಯೋಗಗಳು ತೋರಿಸಿವೆ. ಆದರೆ ಆ ದನಿ ಯಾವ ಭಾಷೆಯದು? ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ಮಕ್ತಲ್ ಕಡೆಯ ಮುದುಕಿಗೆ ಇಂಗ್ಲಿಷಿನಲ್ಲಿ ‘ಹೋಲ್ಡ್’ ಎಂದರೆ ಅರ್ಥ ಹುಡುಕುವಷ್ಟರಲ್ಲಿ ಉಸಿರು ಅರ್ಧ ಬಿಟ್ಟಾಗಿರುತ್ತದೆ. ಚಿಕಿತ್ಸೆಯನ್ನು ಯೋಜಿಸಲು ಸ್ಕ್ಯಾನ್ ತೆಗೆದ ದಿನ ಯಾವ ಮಾತಿನಲ್ಲಿ ಹೇಳಿಸಿಕೊಂಡರೋ ಚಿಕಿತ್ಸೆಯ ಪ್ರತಿದಿನವೂ ಅದೇ ಮಾತು, ಅದೇ ಗತಿ ಇರಬೇಕು. ಜೊತೆಗೆ ಹೋದವರು ಇದನ್ನು ಮೊದಲೇ ಕೇಳಿ ಗೊತ್ತುಮಾಡಿಕೊಳ್ಳಬಹುದು. ಬೇಕಾದರೆ ಮೂರು ಪದಗಳನ್ನು ತಾವೇ ಬರೆದುಕೊಡಬಹುದು.

ಊರಿಗೆ ಮರಳಿದ ಮೇಲಿನ ಒಂದು ವಿಷಯ ಹೇಳುವುದು ಉಳಿದಿದೆ. ವಿಕಿರಣ ಬಿದ್ದ ಜಾಗದಲ್ಲಿ ಕೆಲವು ತಿಂಗಳ ನಂತರ ಎಕ್ಸ್‌ರೇ ತೆಗೆದರೆ ಬಿಳಿಯ ಮಬ್ಬು ಕಾಣುವುದು ಸಾಮಾನ್ಯ. ಅದು ಬಹಳ ಸಲ ಕಿರಣ ಹಾಯ್ದ ಆಕಾರದಲ್ಲೇ ಇರುತ್ತದೆ, ಹಾಲೆಯ ಗಡಿ ನೋಡುವುದಿಲ್ಲ. ಅದರ ಜೊತೆ ಕೆಮ್ಮು, ಸಣ್ಣ ಜ್ವರ ಬಂದರೆ ಹತ್ತಿರದ ಆಸ್ಪತ್ರೆಯಲ್ಲಿ ಅದನ್ನು ಟಿ.ಬಿ. ಎಂದೋ ಸಾದಾ ನ್ಯುಮೋನಿಯಾ ಎಂದೋ ಎಣಿಸುವುದು ಸುಲಭ. ವಿಕಿರಣದ ನ್ಯುಮೋನೈಟಿಸ್ ಆಗಿದ್ದರೆ ಅದಕ್ಕೆ ಬೇಕಾದ ಔಷಧಿ ಸ್ಟೀರಾಯ್ಡ್. ಆದ್ದರಿಂದ ಡಿಸ್ಚಾರ್ಜ್ ಚೀಟಿಯೊಂದಿಗೆ ಎಷ್ಟು ಗ್ರೇ, ಎಷ್ಟು ಸಲ, ಯಾವ ಹಾಲೆಗೆ ಎಂಬ ಬರಹವನ್ನೂ, ಕಿರಣ ಹಾಯ್ದ ಜಾಗವನ್ನು ಬಣ್ಣದಲ್ಲಿ ತೋರಿಸುವ ಚಿಕಿತ್ಸಾ ಯೋಜನೆಯ ಚಿತ್ರದ ಒಂದು ಪ್ರತಿಯನ್ನೂ ಕೇಳಿ ತರಬೇಕು. ಗದ್ವಾಲದಲ್ಲೋ ಕರ್ನೂಲಿನಲ್ಲೋ ರಾಯಚೂರಿನಲ್ಲೋ ಎದೆ ತೋರಿಸಲು ಹೋದಾಗ, ಹೊಸ ಎಕ್ಸ್‌ರೇಯ ಜೊತೆಗೆ ಆ ಕಾಗದವನ್ನೂ ಡಾಕ್ಟರ ಮೇಜಿನ ಮೇಲೆ ಇಡಬೇಕು.